ಕ್ಯಾಮೆರಾ ತಲುಪದ ಮೈದಾನಗಳು

ಫುಟ್‌ಬಾಲ್ ಚರಿತ್ರೆಯ ಮೇಲೆ ಬಂದ ಸಾಕ್ಷ್ಯಚಿತ್ರ ಸರಣಿಗಳನ್ನು ನೋಡಿದವರ ಜೊತೆ ಮಾತಿಗೆ ಕೂತರೆ ಚರ್ಚೆ ಬಹುಬೇಗ ಜಗಳಕ್ಕೆ ತಿರುಗುತ್ತದೆ. ಕ್ರಿಕೆಟ್ ಚಿತ್ರಗಳ ವಿಷಯದಲ್ಲಿ ಇಷ್ಟು ಬಿಸಿ ಏರುವುದನ್ನು ನಾನು ಕಂಡಿಲ್ಲ. ಒಬ್ಬರಿಗೆ ನಿರೂಪಕನ ದನಿ ಹಿಡಿಸಿರುತ್ತದೆ, ಇನ್ನೊಬ್ಬರಿಗೆ ಗೋಲುಗಳು ಸಾಲದೇ ಹೋಗಿರುತ್ತವೆ. ಮಾತಾಡುವವರ ಮುಖಗಳೇ ಜಾಸ್ತಿ, ಆಟ ಕಡಿಮೆ ಎಂದು ಮತ್ತೊಬ್ಬರ ದೂರು. ಇವೆಲ್ಲ ಮುಗಿದ ಮೇಲೆ, ಹೆಚ್ಚು ಮಾತಾಡದೆ ಕೂತಿದ್ದವರು ಯಾರಾದರೂ ಒಂದು ಪ್ರಶ್ನೆ ಎತ್ತುತ್ತಾರೆ: ಇದರಲ್ಲಿ ನಮ್ಮವರು ಎಲ್ಲಿ?

ಆ ಪ್ರಶ್ನೆಯನ್ನು ಅಭಿಮಾನಿಯ ಹಟವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಎಲ್ಲಕ್ಕಿಂತ ಗಂಭೀರವಾದ ವಿಮರ್ಶೆಯಾಗಿ ಕಾಣುತ್ತದೆ. ಏಕೆಂದು ಹೇಳುವ ಮೊದಲು ಉಳಿದ ದೂರುಗಳಿಗೂ ನ್ಯಾಯ ಸಲ್ಲಬೇಕು.

ಇಂಥ ಸರಣಿಗಳಲ್ಲಿ ಹರವು ದೊಡ್ಡದಿರುವುದು 2002ರಲ್ಲಿ ಬಂದ ‘ದಿ ಹಿಸ್ಟರಿ ಆಫ್ ಫುಟ್‌ಬಾಲ್: ದಿ ಬ್ಯೂಟಿಫುಲ್ ಗೇಮ್’. ಹದಿಮೂರು ಕಂತುಗಳು. ನಿರೂಪಣೆ ಬ್ರಿಟಿಷ್ ನಟ ಟೆರೆನ್ಸ್ ಸ್ಟ್ಯಾಂಪ್ ಅವರದು. ಆಟದ ಹುಟ್ಟು, ಆಟದ ವಿಕಾಸ, ಯುರೋಪಿನ ಬಲಾಢ್ಯರು, ಬ್ರೆಜಿಲ್, ತಾರೆಯರು, ಆಟದ ಕರಾಳ ಮುಖ, ಮಾಧ್ಯಮ, ಆಫ್ರಿಕಾ ಎಂದು ವಿಷಯವಾರು ಹಂಚಿಕೊಂಡು ಸಾಗುವ ಕಥನ ಇದು. ಇಸವಿಗಳ ಸಾಲು ಹಿಡಿದು ಹೋಗುವುದಿಲ್ಲ. ಆಟಕ್ಕೆ ಹೊಸಬರಾದ ನೋಡುಗರಿಗೆ ಇದೇ ತೊಡಕು. ಒಂದು ಕಂತಿನಲ್ಲಿ 1970ಕ್ಕೆ ಬಂದು ನಿಂತವರು ಮುಂದಿನ ಕಂತಿನಲ್ಲಿ ಮತ್ತೆ ಹತ್ತೊಂಬತ್ತನೇ ಶತಮಾನದಿಂದ ನಡೆಯಬೇಕು. ಚರಿತ್ರೆ ಎಂದಮೇಲೆ ಮೊದಲಿನಿಂದ ಕೊನೆಯವರೆಗೆ ಹೇಳಬಾರದೇ ಎಂಬ ಕೇಳಿಕೆ ಸಹಜವೇ.

ಆದರೆ ಈ ಆಟ ಬೆಳೆದ ದಾರಿ ನೆಟ್ಟಗಿಲ್ಲ. 1863ರ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು, ಅದೇ ವರ್ಷ ನಿಯಮಗಳನ್ನೂ ಬರೆದರು. ಎದುರಾಳಿಯ ಕಾಲಿಗೆ ಒದೆಯುವ ಹಕ್ಕು ಬೇಕೇ ಬೇಕೆಂದು ಹಟ ಹಿಡಿದ ಬ್ಲ್ಯಾಕ್‌ಹೀತ್ ಕ್ಲಬ್ ಹೊರನಡೆಯಿತು, ಮುಂದೆ ರಗ್ಬಿಯ ಪಾಳೆಯ ಸೇರಿತು. ಆ ಮೊದಲ ನಿಯಮಗಳಲ್ಲಿ ಚೆಂಡಿಗಿಂತ ಮುಂದಿರುವ ಜೊತೆಗಾರನಿಗೆ ಪಾಸ್ ಕೊಡುವಂತೆಯೇ ಇರಲಿಲ್ಲ. ಒಬ್ಬ ಚೆಂಡನ್ನು ಕಾಲಲ್ಲೇ ಒಯ್ಯುತ್ತಿದ್ದ, ಉಳಿದವರು ಹಿಂದಿನಿಂದ ಗುಂಪಾಗಿ ಓಡುತ್ತಿದ್ದರು. 1866ರಲ್ಲಿ ಈ ಆಫ್‌ಸೈಡ್ ನಿಯಮ ಸಡಿಲವಾಯಿತು. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ನಡೆದ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯದಲ್ಲಿ, ಮೈಕಟ್ಟಿನಲ್ಲಿ ತಮಗಿಂತ ದೊಡ್ಡವರಾದ ಇಂಗ್ಲೆಂಡಿನವರನ್ನು ಸ್ಕಾಟ್ಲೆಂಡಿನವರು ಗೋಲಿಲ್ಲದ ಡ್ರಾದಲ್ಲಿ ತಡೆದರು. ಚೆಂಡನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ಆಡುವ ಬಗೆ ಸ್ಕಾಟ್ಲೆಂಡಿನ ಗುರುತಾಯಿತು.

ಇಲ್ಲಿಂದ ಕಥೆ ಇಂಗ್ಲೆಂಡಿನಲ್ಲೇ ಮುಂದುವರಿಯಬೇಕಿತ್ತು. ಹಾಗಾಗಲಿಲ್ಲ. ಲ್ಯಾಂಕಶೈರಿನ ಜಿಮ್ಮಿ ಹೋಗನ್ ಎಂಬ ಆಟಗಾರ ಪಾಸಿಂಗ್ ಆಟವನ್ನು ಮೈಗೂಡಿಸಿಕೊಂಡು ಯುರೋಪಿಗೆ ಹೋದರು. ವಿಯೆನ್ನಾದಲ್ಲಿ ಆಸ್ಟ್ರಿಯಾದ ತರಬೇತುದಾರ ಹ್ಯೂಗೊ ಮೈಸ್ಲ್ ಜೊತೆ ಕೆಲಸ ಮಾಡಿದರು. ಮೊದಲ ಮಹಾಯುದ್ಧ ಶುರುವಾದಾಗ ಶತ್ರುದೇಶದ ಪ್ರಜೆಯಾಗಿ ಸಿಕ್ಕಿಬಿದ್ದರೂ ಬುಡಾಪೆಸ್ಟ್‌ನ ಎಂಟಿಕೆ ಕ್ಲಬ್‌ಗೆ ತರಬೇತಿ ಕೊಟ್ಟರು. 1953ರ ನವೆಂಬರ್ 25ರಂದು ಹಂಗೆರಿ ವೆಂಬ್ಲಿಗೆ ಬಂದು ಇಂಗ್ಲೆಂಡನ್ನು 6–3ರಿಂದ ಬಗ್ಗುಬಡಿದಾಗ, ಈ ಆಟ ಕಲಿಸಿದ್ದು ಹೋಗನ್ನರೇ ಎಂದು ಗೆದ್ದವರೇ ನೆನೆದರು. ಬ್ರಿಟನ್ನಿನಿಂದ ಹೊರಟ ವಿದ್ಯೆ ಎಂಬತ್ತು ವರ್ಷ ಸುತ್ತಾಡಿ ಬ್ರಿಟನ್ನನ್ನೇ ಸೋಲಿಸಲು ವಾಪಸು ಬಂತು. ಇದನ್ನು ಇಸವಿಯ ಪಟ್ಟಿಯಾಗಿ ಹೇಳಿದರೆ ಆ ಪಯಣ ಕಾಣುವುದಿಲ್ಲ. ಆದ್ದರಿಂದ ವಿಷಯವಾರು ಕಂತುಗಳ ಬಗೆಗಿನ ಆಕ್ಷೇಪವನ್ನು ನಾನು ಪೂರ್ತಿ ಒಪ್ಪಲಾರೆ.

ಮಾತಾಡುವ ಮುಖಗಳ ಬಗೆಗಿನ ದೂರಿನಲ್ಲಿ ಹೆಚ್ಚು ಹುರುಳಿದೆ. ಪಂದ್ಯದ ತುಣುಕು ಎಂಟು ಸೆಕೆಂಡು, ಅದರ ಬಗ್ಗೆ ಮಾಜಿ ಆಟಗಾರನ ಮಾತು ಒಂದು ನಿಮಿಷ ಎಂಬ ಅಳತೆ ಈ ಪ್ರಕಾರದ ಚಟವಾಗಿಬಿಟ್ಟಿದೆ. ಹಳೆಯ ಪಂದ್ಯಗಳ ದೃಶ್ಯಗಳಿಗೆ ಹಕ್ಕುದಾರರು ಇರುತ್ತಾರೆ, ಅವಕ್ಕೆ ಹಣ ತೆರಬೇಕು. ಸಂದರ್ಶನಕ್ಕೆ ಒಂದು ಕುರ್ಚಿ, ಒಂದು ದೀಪ ಸಾಕು. ನೋಡುಗರಿಗೆ ಈ ಲೆಕ್ಕ ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಬೇರೆ ದಾರಿ ಇದೆ ಎಂಬುದನ್ನು ನಿರ್ದೇಶಕ ಆಸಿಫ್ ಕಪಾಡಿಯಾ 2019ರ ‘ಡಿಯಾಗೊ ಮರಡೋನಾ’ದಲ್ಲಿ ತೋರಿಸಿದರು. ಸುಮಾರು ಐನೂರು ಗಂಟೆಗಳ, ಅದುವರೆಗೆ ಹೊರಗೆ ಬಾರದ ದೃಶ್ಯಗಳನ್ನು ಸೋಸಿ ಮಾಡಿದ ಚಿತ್ರ ಅದು. ಸಾಕ್ಷಿಗಳ ದನಿ ಮಾತ್ರ ಕೇಳುತ್ತದೆ, ಪರದೆಯ ಮೇಲೆ ಇರುವುದು ನೇಪಲ್ಸ್ ನಗರ, ಅದರ ಗದ್ದಲ ಮತ್ತು ಆ ಗಿಡ್ಡ ಆಟಗಾರ. ಮರಡೋನಾ ಮುಳುಗಿಹೋಗುವುದನ್ನು ಯಾರೂ ಬಂದು ನಮಗೆ ವಿವರಿಸುವುದಿಲ್ಲ, ನಾವೇ ನೋಡುತ್ತೇವೆ. ಅದನ್ನು ನೋಡಿದ ಮೇಲೆ ಸಂದರ್ಶನಗಳ ಮೇಲೆ ನಿಂತ ಸರಣಿಗಳು ಸಪ್ಪೆ ಎನಿಸುವುದು ಸಹಜ.

ಆದರೂ ಮಾತಾಡುವ ಮುಖಗಳಿಂದಲೇ ನ್ಯಾಯ ಸಿಕ್ಕ ಸಂದರ್ಭಗಳಿವೆ. 1974ರ ವಿಶ್ವಕಪ್ಪಿನಲ್ಲಿ ಆಫ್ರಿಕಾದ ಝೈರ್ ತಂಡದ ಮ್ವೆಪು ಇಲುಂಗಾ ಮಾಡಿದ್ದನ್ನು ಫುಟ್‌ಬಾಲ್ ಪ್ರಿಯರೆಲ್ಲ ನೋಡಿರುತ್ತಾರೆ. ಬ್ರೆಜಿಲ್‌ಗೆ ಫ್ರೀ ಕಿಕ್ ಸಿಕ್ಕಿದೆ. ಅವರು ಒದೆಯುವ ಮೊದಲೇ ಗೋಡೆಯಂತೆ ನಿಂತಿದ್ದ ಝೈರ್ ಆಟಗಾರರ ಸಾಲಿನಿಂದ ಇಲುಂಗಾ ಓಡಿಬಂದು ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾನೆ. ದಶಕಗಳ ಕಾಲ ಇದನ್ನು ನಗೆಯ ತುಣುಕಾಗಿ ತೋರಿಸಿದರು, ಆಫ್ರಿಕಾದವರಿಗೆ ನಿಯಮವೇ ಗೊತ್ತಿಲ್ಲ ಎಂಬ ಅರ್ಥ ಹಚ್ಚಿ. ಮುಂದೆ ಇಲುಂಗಾ ತಾನೇ ಬಾಯಿಬಿಟ್ಟ. ನಿಯಮ ತನಗೆ ಚೆನ್ನಾಗಿಯೇ ಗೊತ್ತಿತ್ತು ಎಂದ. ಆಟಗಾರರಿಗೆ ಸಲ್ಲಬೇಕಾದ ಹಣ ಸಂದಿರಲಿಲ್ಲ. ಯುಗೊಸ್ಲಾವಿಯ ಕೈಯಲ್ಲಿ 9–0ರ ಸೋಲಾಗಿತ್ತು. ಬ್ರೆಜಿಲ್ ಎದುರು ಮೂರು ಗೋಲಿಗಿಂತ ಹೆಚ್ಚು ಬಿಟ್ಟುಕೊಟ್ಟರೆ ಮನೆಗೆ ಮರಳುವುದು ಮರೆತುಬಿಡಿ ಎಂಬ ಬೆದರಿಕೆ ಸರ್ವಾಧಿಕಾರಿ ಮೊಬುಟುವಿನ ಕಡೆಯಿಂದ ಬಂದಿತ್ತು. ಆ ಪಂದ್ಯ ಮುಗಿದದ್ದು 3–0ಗೆ. ಈಗ ಅದೇ ತುಣುಕನ್ನು ನೋಡಿ. ಚೌಕಟ್ಟು ಬದಲಾಗಿಲ್ಲ, ಚೆಂಡು ಹೋದ ದಿಕ್ಕು ಬದಲಾಗಿಲ್ಲ. ನಗು ಮಾತ್ರ ಬರುವುದಿಲ್ಲ. ಕ್ಯಾಮೆರಾ ಎಲ್ಲವನ್ನೂ ದಾಖಲಿಸಿತ್ತು, ಏನನ್ನೂ ಹೇಳಿರಲಿಲ್ಲ.

ಕ್ಯಾಮೆರಾವೇ ಇಲ್ಲದಿದ್ದ ಕಡೆ ಏನಾಯಿತು? ಫುಟ್‌ಬಾಲ್ ಚರಿತ್ರೆಯ ಚಿತ್ರಗಳ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಇದು. 1930ರಲ್ಲಿ ಮಾಂಟೆವಿಡಿಯೊದ ಮೊದಲ ವಿಶ್ವಕಪ್ ಫೈನಲ್‌ನಲ್ಲಿ ಉರುಗ್ವೆ ಅರ್ಜೆಂಟೀನಾವನ್ನು 4–2ರಿಂದ ಸೋಲಿಸಿತು. ಯಾರ ಚೆಂಡಿನಲ್ಲಿ ಆಡಬೇಕೆಂಬ ಜಗಳ ಬಗೆಹರಿಯದೆ ಒಂದು ಅರ್ಧ ಒಬ್ಬರದು, ಇನ್ನೊಂದು ಅರ್ಧ ಇನ್ನೊಬ್ಬರದು ಎಂದಾದ ಪಂದ್ಯ ಅದು. ಅದರ ಚಲನಚಿತ್ರ ಉಳಿದಿರುವುದು ಚೂರುಚೂರಾಗಿ. ಮೂವತ್ತರ ದಶಕದಲ್ಲಿ ಯುರೋಪನ್ನು ಬೆರಗುಗೊಳಿಸಿದ ಆಸ್ಟ್ರಿಯಾ ತಂಡದ ಮಥಿಯಾಸ್ ಸಿಂಡೆಲಾರ್ ಹೇಗೆ ಆಡುತ್ತಿದ್ದ ಎಂಬುದನ್ನು ನಾವು ಹೆಚ್ಚಾಗಿ ವಿಯೆನ್ನಾದ ಕಾಫಿಮನೆಗಳಲ್ಲಿ ಕೂತು ಬರೆದವರ ಮಾತಿನಿಂದಲೇ ತಿಳಿಯಬೇಕು. ಟಿ.ವಿ. ವಿಶ್ವಕಪ್ಪಿಗೆ ಬಂದದ್ದು 1954ರಲ್ಲಿ, ಬಣ್ಣ ಬಂದದ್ದು 1970ರ ಮೆಕ್ಸಿಕೊದಲ್ಲಿ. ಬ್ರೆಜಿಲ್ಲಿನ ಹಳದಿ ಅಂಗಿ ಜಗತ್ತಿನ ಕಣ್ಣಲ್ಲಿ ಅಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಆ ತಂಡದ ಆಟ ಎಷ್ಟು ಕಾರಣವೋ ಆ ಬಣ್ಣದ ಪ್ರಸಾರವೂ ಅಷ್ಟೇ ಕಾರಣ.

ಪೆಲೆ ತನ್ನ ಅತಿ ಸುಂದರ ಗೋಲು ಎಂದು ಹೇಳಿಕೊಂಡದ್ದು ವಿಶ್ವಕಪ್ಪಿನದಲ್ಲ. 1959ರ ಆಗಸ್ಟ್ 2ರಂದು ಸಾವೊ ಪೌಲೊದ ರುವಾ ಜವಾರಿ ಎಂಬ ಪುಟ್ಟ ಮೈದಾನದಲ್ಲಿ, ಊರಿನ ಜುವೆಂಟಸ್ ಎಂಬ ಕ್ಲಬ್ಬಿನ ವಿರುದ್ಧ ಹೊಡೆದದ್ದು. ಒಬ್ಬೊಬ್ಬ ಎದುರಾಳಿ ಮೈಮೇಲೆ ಬಂದಾಗಲೂ ಚೆಂಡನ್ನು ಅವನ ತಲೆಯ ಮೇಲಿನಿಂದ ಹಾರಿಸಿ, ನೆಲಕ್ಕೆ ಬೀಳಗೊಡದೆ ಮತ್ತೆ ಎತ್ತಿಕೊಂಡು, ಕಡೆಗೆ ಗೋಲ್‌ಕೀಪರನ ತಲೆಯ ಮೇಲಿನಿಂದಲೂ ದಾಟಿಸಿ ತಲೆಯಿಂದಲೇ ಗೋಲಿಗೆ ನೂಕಿದ. ಅಲ್ಲಿ ಕ್ಯಾಮೆರಾ ಇರಲಿಲ್ಲ. 2004ರಲ್ಲಿ ‘ಪೆಲೆ ಎಟರ್ನೊ’ ಸಾಕ್ಷ್ಯಚಿತ್ರ ಮಾಡಿದವರು ಈ ಗೋಲನ್ನು ಬಿಡಲಾರದೆ, ನೋಡಿದವರ ಮಾತಿನ ಆಧಾರದಲ್ಲಿ ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದರು. ನೋಡುಗರಲ್ಲಿ ಹಲವರಿಗೆ ಅದು ರುಚಿಸುವುದಿಲ್ಲ, ಬೊಂಬೆಯಾಟದಂತೆ ಕಾಣುತ್ತದೆ. ನಾನು ಅದರ ಪರ. ಆ ಕ್ಷಣವನ್ನು ನೋಡಿದ್ದೆವು ಎನ್ನುವವರನ್ನು ಕೇಳಿ, ಅವರ ನೆನಪನ್ನು ಸಾಕ್ಷ್ಯವೆಂದು ಸ್ವೀಕರಿಸಿದ ಧೈರ್ಯ ಅದರಲ್ಲಿದೆ. ಪೆಲೆಗೆ ಆ ಮರ್ಯಾದೆ ಸಿಕ್ಕಿತು, ಏಕೆಂದರೆ ಆತ ಪೆಲೆ. ಉಳಿದವರ ನೆನಪನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ?

ಇಲ್ಲೊಂದು ಹಳೆಯ ಸಂಗತಿ ಹೇಳಬೇಕು. 1994ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಪಟ್ಟಣದ ಒಂದು ಹಳೆಯ ಅಂಗಡಿಯಲ್ಲಿ ಕೆಲಸಗಾರರಿಗೆ ಲೋಹದ ಪೀಪಾಯಿಗಳು ಸಿಕ್ಕಿದವು. ಒಳಗೆ ಎಂಟುನೂರಕ್ಕೂ ಹೆಚ್ಚು ಫಿಲ್ಮ್ ನೆಗೆಟಿವ್‌ಗಳು. ಮಿಚೆಲ್ ಮತ್ತು ಕೆನ್ಯನ್ ಎಂಬಿಬ್ಬರ ಕಂಪನಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ತೆಗೆದವು. ಅವುಗಳಲ್ಲಿ ಫುಟ್‌ಬಾಲ್ ಪಂದ್ಯಗಳೂ ಇವೆ. ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಕ್ಯಾಮೆರಾ ಪದೇ ಪದೇ ಆಟವನ್ನು ಬಿಟ್ಟು ಜನರ ಕಡೆ ತಿರುಗುತ್ತದೆ. ಟೋಪಿ ಬೀಸುವ ಗಿರಣಿ ಕಾರ್ಮಿಕರು, ಹಲ್ಲು ಕಿರಿಯುವ ಹುಡುಗರು, ಸಾಲುಸಾಲು ಮುಖಗಳು. ಇದು ಕಲೆಗಾಗಿ ಮಾಡಿದ್ದಲ್ಲ, ವ್ಯಾಪಾರ. ಮಧ್ಯಾಹ್ನ ಪಂದ್ಯ ನೋಡಿದವರು ಮುಂದೆ ಊರ ಜಾತ್ರೆಯಲ್ಲೋ ಸಭಾಂಗಣದಲ್ಲೋ ಕಾಸು ಕೊಟ್ಟು ಚಿತ್ರ ನೋಡಲು ಬರಬೇಕೆಂದರೆ ಅದರಲ್ಲಿ ಅವರೇ ಇರಬೇಕಿತ್ತು. ಪರದೆಯ ಮೇಲೆ ತನ್ನನ್ನು ತಾನು ಹುಡುಕುವ ನೋಡುಗ, ಹಾಗಾದರೆ, ಫುಟ್‌ಬಾಲ್ ಚಿತ್ರದ ಜೊತೆಗೇ ಹುಟ್ಟಿದವನು. ಇಂದಿನ ನೋಡುಗರ ‘ನಮ್ಮವರು ಎಲ್ಲಿ’ ಎಂಬ ಪ್ರಶ್ನೆ ಆಗಿನಿಂದಲೂ ಇದ್ದದ್ದೇ.

ಅದೇ ಪ್ರಶ್ನೆಯನ್ನು ಹೆಂಗಸರು ಕೇಳಿದಾಗ ಉತ್ತರ ಕೊಡಲು ಚರಿತ್ರೆ ತಡವರಿಸುತ್ತದೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕಿನಲ್ಲಿ ಡಿಕ್ ಕೆರ್ ಕಾರ್ಖಾನೆಯ ಹೆಂಗಸರ ತಂಡದ ಪಂದ್ಯಕ್ಕೆ 53,000 ಜನ ಸೇರಿದ್ದರು, ಒಳಗೆ ಜಾಗವಿಲ್ಲದೆ ಸಾವಿರಾರು ಜನ ಹೊರಗುಳಿದರು. ಮರುವರ್ಷ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರ ಪಂದ್ಯ ನಡೆಯಕೂಡದೆಂದು ಆಜ್ಞೆ ಹೊರಡಿಸಿತು. ಆ ನಿಷೇಧ ಸುಮಾರು ಅರ್ಧ ಶತಮಾನ ಇತ್ತು. ಮೈದಾನ ಇಲ್ಲದವರಿಗೆ ಕ್ಯಾಮೆರಾ ಎಲ್ಲಿಂದ ಬರಬೇಕು?

ಕ್ಯಾಮೆರಾ ಬಂದರೂ ಮರೆವು ತಪ್ಪಲಿಲ್ಲ ಎಂಬುದು ಇನ್ನೂ ನೋವಿನ ಕಥೆ. 1971ರಲ್ಲಿ ಮೆಕ್ಸಿಕೊದಲ್ಲಿ ಮಹಿಳೆಯರ ವಿಶ್ವ ಟೂರ್ನಿ ನಡೆಯಿತು. ಫಿಫಾದ ಮಾನ್ಯತೆ ಇರಲಿಲ್ಲ. ಆದರೆ ಅಜ್ಟೆಕಾ ಕ್ರೀಡಾಂಗಣ ತುಂಬಿ ತುಳುಕಿತು, ಫೈನಲ್‌ಗೆ ಬಂದವರು ಸುಮಾರು 1,10,000. ಡೆನ್ಮಾರ್ಕ್ ಮೆಕ್ಸಿಕೊವನ್ನು 3–0ರಿಂದ ಸೋಲಿಸಿತು. ಮೂರು ಗೋಲುಗಳನ್ನೂ ಹೊಡೆದವಳು ಸುಸಾನ್ ಆಗಸ್ಟೆಸನ್, ವಯಸ್ಸು ಹದಿನೈದು. ಪಂದ್ಯಗಳು ಟಿ.ವಿ.ಯಲ್ಲೂ ಬಂದಿದ್ದವು. ಆಮೇಲೆ ಆ ರೀಲುಗಳು ಕಪಾಟು ಸೇರಿದವು, ಐದು ದಶಕ ಯಾರೂ ತೆಗೆದು ನೋಡಲಿಲ್ಲ. 2023ರಲ್ಲಿ ‘ಕೋಪಾ 71’ ಎಂಬ ಸಾಕ್ಷ್ಯಚಿತ್ರ ಅವನ್ನು ಹೊರತಂದಿತು. ಆರಂಭದಲ್ಲೇ ಅಮೆರಿಕದ ವಿಶ್ವಕಪ್ ವಿಜೇತೆ ಬ್ರ್ಯಾಂಡಿ ಚಾಸ್ಟೈನ್‌ಗೆ ಈ ದೃಶ್ಯಗಳನ್ನು ತೋರಿಸುತ್ತಾರೆ. ತನ್ನ ಆಟದ ಚರಿತ್ರೆಯ ಇಷ್ಟು ದೊಡ್ಡ ಅಧ್ಯಾಯ ಆಕೆಗೇ ಗೊತ್ತಿರಲಿಲ್ಲ. ಆಕೆಯ ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ಸಿಟ್ಟು. ಆ ಸಿಟ್ಟು ಸರಿಯಾದದ್ದು. ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದೇ.

ಇನ್ನು ನಮ್ಮ ಕಡೆಗೆ ಬರೋಣ. ಬ್ರೆಜಿಲ್‌ಗೂ ಆಫ್ರಿಕಾಕ್ಕೂ ತಮ್ಮದೇ ಕಂತು ಕೊಟ್ಟ ಆ ಸರಣಿಯಲ್ಲಿ ಏಷ್ಯಾಕ್ಕೆ ಅಂಥದೊಂದಿಲ್ಲ. ಜಾಗತಿಕ ಫುಟ್‌ಬಾಲ್ ಚರಿತ್ರೆಗಳಲ್ಲಿ ಭಾರತ ಬರುವುದು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ: ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು 1950ರ ವಿಶ್ವಕಪ್ಪಿಗೆ ಹೋಗಲಿಲ್ಲವಂತೆ. ಸೊಗಸಾದ ಕಥೆ, ಆದ್ದರಿಂದಲೇ ಬಾಳಿದೆ. ಭಾರತಕ್ಕೆ ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಜಾಗವಿತ್ತು. ಬ್ರೆಜಿಲ್ ಪ್ರಯಾಣ ವೆಚ್ಚದ ದೊಡ್ಡ ಪಾಲು ಹೊರಲು ಸಿದ್ಧವಿತ್ತು. ಹಿಂದೆ ಸರಿದ ಭಾರತೀಯ ಫುಟ್‌ಬಾಲ್ ಸಂಸ್ಥೆ ಕೊಟ್ಟ ಕಾರಣಗಳು ಅಭ್ಯಾಸಕ್ಕೆ ಸಮಯ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ ಎಂಬಂಥವು. ಆಗ ನಮ್ಮವರ ಕಣ್ಣಲ್ಲಿ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಏನೂ ಅಲ್ಲ. ನಾಯಕನಾಗಬೇಕಿದ್ದ ಶೈಲೇನ್ ಮನ್ನಾ ಅವರೇ ಬರಿಗಾಲಿನ ಕಥೆಯನ್ನು ಮುಂದೆ ಅಲ್ಲಗಳೆದರು. ತಪ್ಪು ಇದ್ದದ್ದು ಆಡಳಿತದ ಮೇಜಿನಲ್ಲಿ. ಕಥೆ ಅದನ್ನು ಆಟಗಾರರ ಕಾಲಿಗೆ ಕಟ್ಟಿತು.

ಆ ಬರಿಗಾಲಿನ ಕಥೆಗೆ ಬೇರು 1948ರ ಲಂಡನ್ ಒಲಿಂಪಿಕ್ಸ್. ಜುಲೈ 31ರಂದು ಇಲ್ಫರ್ಡ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬೂಟು ಹಾಕಿರಲಿಲ್ಲ. ಎರಡು ಪೆನಾಲ್ಟಿ ಕೈತಪ್ಪಿದವು, ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಗೆಲುವಿನ ಗೋಲು ಹೊಡೆಯಿತು, 2–1. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಕೆ.ಪಿ. ಧನರಾಜ್ ಇದ್ದರು. ಮುಂದೆ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರೆಂದು ಕಲ್ಕತ್ತೆ ತಲೆಮೇಲೆ ಹೊತ್ತು ಮೆರೆಸಿದ ಐವರು ಮುನ್ನಡೆ ಆಟಗಾರರಲ್ಲಿ ಇವರಿಬ್ಬರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನೆವಿಲ್ ಡಿಸೋಜಾ ಅವರ ಹ್ಯಾಟ್ರಿಕ್‌ನಿಂದ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೇ ಸ್ಥಾನ ಪಡೆದಾಗ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ. ಜಕಾರ್ತದ ಆ ಗೆಲುವನ್ನು ಇಂದಿನ ತಲೆಮಾರು ಅರಿತದ್ದು ಹೆಚ್ಚಾಗಿ 2024ರ ‘ಮೈದಾನ್’ ಎಂಬ ಹಿಂದಿ ಕಥಾಚಿತ್ರದಿಂದ, ನಟರು ಆಡಿ ತೋರಿಸಿದ ಪಂದ್ಯಗಳಿಂದ.

ಹಲಸೂರಿನ ಗೌತಮಪುರಕ್ಕೆ ಹೋದರೆ ಬೀದಿಯಲ್ಲಿ ಪೆಲೆಯ ಪ್ರತಿಮೆ ಇದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಜೊತೆ ಪೆಲೆಗೂ ಜಾಗ ಕೊಟ್ಟ ಕೇರಿ ಅದು. ಮೈಸೂರು ರಾಜ್ಯದ ತಂಡ 1946, 1952, 1967–68 ಮತ್ತು 1968–69ರಲ್ಲಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡಗಳನ್ನು ಕಟ್ಟಿಕೊಟ್ಟದ್ದು ಗೌತಮಪುರ, ಆಸ್ಟಿನ್ ಟೌನ್‌ಗಳಂಥ ದಂಡು ಪ್ರದೇಶದ ಕೇರಿಗಳು, ಕಾರ್ಖಾನೆಗಳ ಮತ್ತು ಸೇನೆಯ ತಂಡಗಳು. ಲಂಡನ್ನಿನಲ್ಲಿ ಕೂತು ಜಗತ್ತಿನ ಫುಟ್‌ಬಾಲ್ ಕಥೆ ಹೇಳುವವರು ಇದನ್ನು ಬಿಟ್ಟರೆ ಅರ್ಥವಾಗುತ್ತದೆ. ನಾವು ಬಿಟ್ಟಿರುವುದು ಅರ್ಥವಾಗುವುದಿಲ್ಲ. ಹದಿಮೂರು ಕಂತಿನ ಸರಣಿಯ ಬಗ್ಗೆ ‘ನಮ್ಮವರು ಎಲ್ಲಿ’ ಎಂದು ಕೇಳುವ ಹಕ್ಕು ನಮಗಿದೆ, ನಾನೂ ಕೇಳುತ್ತೇನೆ. ಅದೇ ಪ್ರಶ್ನೆಯನ್ನು ಕನ್ನಡದ ಸಾಕ್ಷ್ಯಚಿತ್ರಕಾರರ ಮುಂದೆ, ಕ್ರೀಡಾ ಸಂಸ್ಥೆಗಳ ಮುಂದೆ, ಪತ್ರಿಕೆಗಳಲ್ಲಿರುವ ನಮ್ಮಂಥವರ ಮುಂದೆಯೂ ಇಡಬೇಕು. ಬೇಕಾಗಿರುವುದು ದೊಡ್ಡ ಬಂಡವಾಳವಲ್ಲ. ಮನೆಗಳ ಟ್ರಂಕುಗಳಲ್ಲಿರುವ ತಂಡದ ಫೋಟೊಗಳು, ಹಳೆಯ ಪತ್ರಿಕೆಗಳ ಕ್ರೀಡಾಪುಟಗಳು, ಅರವತ್ತರ ದಶಕದ ಪಂದ್ಯಗಳನ್ನು ಕಂಡವರ ನೆನಪು. ರುವಾ ಜವಾರಿಯ ಗೋಲನ್ನು ಮರಳಿ ಕಟ್ಟಲು ಬಳಸಿದ್ದೂ ಜನರ ನೆನಪನ್ನೇ.

2023ರ ಮಾರ್ಚ್ 4ರಂದು ಕರ್ನಾಟಕ ತಂಡ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ಬಳಿಕ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. ಈ ಫೈನಲ್ಲಿನ ಗೋಲುಗಳನ್ನು ಇವತ್ತು ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು ನೋಡಬಹುದು. 1968–69ರ ತಂಡವನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಅವರ ಮುಂದೆ ರೆಕಾರ್ಡರ್ ಹಿಡಿದು ಕೂರುವ ಕೆಲಸ ಈ ವರ್ಷವೇ ಆಗಬೇಕು.